‘ಕಲಹಾರಿಯ ಕೂಗು’: ದಂಪತಿಗಳ ಒಂದು ವನವಾಸಗ್ರಂಥ

ಆಫ್ರಿಕಾಖಂಡದ ದಕ್ಷಿಣಭಾಗಕ್ಕೆ ಹೋಗಿ ವನ್ಯಮೃಗಗಳನ್ನು ನೋಡಿಬರುವುದು ಈಗ ಅನೇಕ ದಂಪತಿಗಳಿಗೆ ವಿನೋದಯಾತ್ರೆಯಾಗಿದೆ. ಹತ್ತು ಹದಿನೈದು ದಿನಗಳಲ್ಲಿ ಸಿಂಹವನ್ನು ಕಂಡು, ಆನೆಯನ್ನು ಕಂಡು ಹಿಂದಿರುಗಿದವರು ಬರೆಯುವ ವೃತ್ತಾಂತಗಳು ಬಹುಮಟ್ಟಿಗೆ ಕಂಡ ಪ್ರಾಣಿಗಳ ಪಟ್ಟಿಗಳಾಗಿರುತ್ತವೆ. ಕಂಡವರ ಮನಸ್ಸು ಅವುಗಳಲ್ಲಿ ದೊರೆಯುವುದು ಅಪೂರ್ವ. ಈ ಜಾತಿಯ ಬರಹಗಳ ನಡುವೆ ಬೇರೆಯಾಗಿ ನಿಲ್ಲುವುದು ಮಾರ್ಕ್ ಮತ್ತು ಡೀಲಿಯಾ ಓವೆನ್ಸ್ ಎಂಬ ಅಮೆರಿಕದ ದಂಪತಿಗಳು ಬರೆದು ೧೯೮೪ರಲ್ಲಿ ಪ್ರಕಟಿಸಿದ ‘ಕ್ರೈ ಆಫ್ ದಿ ಕಲಹಾರಿ’ ಎಂಬ ಗ್ರಂಥ. ಪ್ರಕೃತಿವಿಷಯಕ ಗ್ರಂಥಗಳಿಗೆ ಸಲ್ಲುವ ಜಾನ್ ಬರೋಸ್ ಪದಕವು ೧೯೮೫ರಲ್ಲಿ ಇದಕ್ಕೆ ದೊರೆಯಿತು. ೨೦೧೮ರಲ್ಲಿ ಕಾದಂಬರಿಯೊಂದನ್ನು ಬರೆದು ಪ್ರಸಿದ್ಧರಾದ ಡೀಲಿಯಾ ಓವೆನ್ಸ್ ಅವರೇ ಈ ಗ್ರಂಥದ ಸಹಕರ್ತೃಗಳು. ಇದನ್ನೋದಿ ಆ ಮರುಭೂಮಿಯನ್ನು ಕಾಣಹೊರಡುವವರು ಇಂದಿಗೂ ಇರುವುದರಿಂದ, ಗ್ರಂಥದ ಗುಣಗಳೊಡನೆ ಇದು ಓದುಗರ ಕಣ್ಣಿಗೆ ಏನನ್ನು ಕಾಣಲು ಕಲಿಸುತ್ತದೆ, ಏನನ್ನು ಮರೆಸುತ್ತದೆ ಎಂಬುದನ್ನೂ ವಿಚಾರಿಸುವುದು ಉಚಿತ.

ಕಥಾವಸ್ತು ಸರಳವಾದದ್ದು. ವಿದ್ಯಾರ್ಥಿಗಳಾಗಿದ್ದ ಈ ದಂಪತಿಗಳು ತಮ್ಮ ಮನೆಯ ಸಾಮಾನುಗಳನ್ನು ಮಾರಿ, ಬಂದ ಅಲ್ಪ ಹಣದೊಡನೆ ೧೯೭೪ರಲ್ಲಿ ಆಫ್ರಿಕಾವನ್ನು ಸೇರಿದರು. ಹಳೆಯದೊಂದು ಲ್ಯಾಂಡ್ ರೋವರ್ ಗಾಡಿಯನ್ನು ಕೊಂಡು, ಬೋಟ್ಸ್ವಾನ ದೇಶದ ಮಧ್ಯ ಕಲಹಾರಿ ರಕ್ಷಿತಾರಣ್ಯದಲ್ಲಿರುವ ‘ಡಿಸೆಪ್ಷನ್ ವ್ಯಾಲಿ’ ಎಂಬಲ್ಲಿ ಬಿಡಾರ ಹೂಡಿದರು. ಇದು ಪುರಾತನ ಕಾಲದಲ್ಲಿ ಹರಿದು ಬತ್ತಿಹೋದ ನದಿಯ ಪಾತ್ರ. ಇದರ ಹೆಸರಿಗೆ ‘ವಂಚನೆಯ ಕಣಿವೆ’ ಎಂದು ಅರ್ಥ. ದೂರದಿಂದ ನೀರು ನಿಂತಂತೆ ತೋರಿ ಹತ್ತಿರಕ್ಕೆ ಹೋದರೆ ಒಣನೆಲವಾಗುವ ಇಂಥ ಸ್ಥಳವನ್ನು ಸಂಸ್ಕೃತ ಕವಿಗಳು ಮೃಗತೃಷ್ಣೆಯ ನೆಲವೆಂದು ಕರೆಯುತ್ತಿದ್ದರು. ಪೀಪಾಯಿಗಳಲ್ಲಿ ನೀರನ್ನು ಹೊತ್ತು ತಂದು, ಸುಮಾರು ಏಳು ವರ್ಷ ಅಲ್ಲಿ ಕಳೆದ ದಂಪತಿಗಳ ಅನುಭವವೇ ಗ್ರಂಥದ ಶರೀರ.

ಗ್ರಂಥದ ಮೊದಲ ಗುಣವು ತಾಳ್ಮೆ. ಕಂದುಬಣ್ಣದ ಕತ್ತೆಕಿರುಬವು ಒಂಟಿಯಾಗಿ ಅಲೆಯುವ ಪ್ರಾಣಿಯೆಂದೇ ಅದುವರೆಗೆ ಬಲ್ಲವರ ಎಣಿಕೆಯಾಗಿತ್ತು. ಓವೆನ್ಸ್ ದಂಪತಿಗಳು ರಾತ್ರಿಗಳನ್ನು ಕಳೆದು ಕಂಡುಕೊಂಡದ್ದು ಬೇರೆಯೇ ಆಗಿದೆ. ಆಹಾರವನ್ನು ಅರಸುವಾಗ ಒಂಟಿಯಾದರೂ ಇವು ಕುಲಕಟ್ಟಿ ಬಾಳುತ್ತವೆ. ಮರಿಗಳನ್ನು ಒಂದೇ ಗುಹೆಯಲ್ಲಿಟ್ಟು ಕೂಡಿ ಸಾಕುತ್ತವೆ. ತಾಯಿಯಿಲ್ಲದ ಮರಿಗಳಿಗೆ ಬಂಧುಗಳು ಆಹಾರ ತಂದಿಡುತ್ತವೆ. ಲೋಕವೆಲ್ಲ ಜುಗುಪ್ಸೆಯಿಂದ ಕಾಣುವ ಜಂತುವಿನಲ್ಲಿ ವಾತ್ಸಲ್ಯವನ್ನು ತೋರಿಸಿದ್ದು ಶಾಸ್ತ್ರಕ್ಕೆ ಲಾಭ, ಕಾವ್ಯಕ್ಕೂ ಲಾಭ. ಬೀಭತ್ಸಕ್ಕೆ ಆಲಂಬನವಾದದ್ದೇ ಕರುಣಕ್ಕೂ ಆಲಂಬನವಾಗುವಂತೆ ಬರೆಯುವುದು ಸುಲಭವಲ್ಲ. ಇವರು ಅದನ್ನು ಅಲಂಕಾರದ ನೆರವಿಲ್ಲದೆ, ಕಂಡದ್ದನ್ನು ಕಂಡಂತೆ ಹೇಳಿಯೇ ಸಾಧಿಸಿರುವರು.

ಎರಡನೆಯ ಗುಣವು ಇಬ್ಬರ ಧ್ವನಿ. ಕೆಲವು ಅಧ್ಯಾಯಗಳನ್ನು ಪತಿಯೂ ಕೆಲವನ್ನು ಪತ್ನಿಯೂ ಹೇಳುತ್ತಾರೆ. ಪತಿಯ ಬರಹದಲ್ಲಿ ಸಾಹಸವೂ ಯಂತ್ರಗಳೂ ಮುಂದಾಗುತ್ತವೆ. ಪತ್ನಿಯ ಬರಹದಲ್ಲಿ ಬಿಡಾರದ ಹಕ್ಕಿಗಳು, ಅಡುಗೆಯ ಬೆಂಕಿ, ವಿಮಾನವೇರಿ ಹೋದವನು ಮರಳುವನೋ ಇಲ್ಲವೋ ಎಂಬ ಶಂಕೆ. ದಾಂಪತ್ಯದ ಮೇಲೆ ಏಕಾಂತವು ಹೊರಿಸುವ ಭಾರವನ್ನು ಇಬ್ಬರೂ ಮುಚ್ಚಿಡದಿರುವುದು ಶ್ಲಾಘ್ಯ. ವಿನೋದಯಾತ್ರೆಯ ಬರಹಗಳಲ್ಲಿ ಸಂಗಾತಿಯು ಛಾಯಾಚಿತ್ರದ ಅಂಚಿನಲ್ಲಿ ನಿಂತವರಂತೆ ಇರುವುದೇ ಹೆಚ್ಚು, ಇಲ್ಲಿ ಹಾಗಿಲ್ಲ.

ಗ್ರಂಥದ ಹೃದಯಸ್ಥಾನದಲ್ಲಿರುವುದು ‘ಬೋನ್ಸ್’ ಎಂದು ಹೆಸರಿಟ್ಟ ಸಿಂಹದ ಕಥೆ. ಕಾಲಿನ ಮೂಳೆ ಮುರಿದು ಸಾವಿನಂಚಿಗೆ ಬಂದ ಆ ಸಿಂಹಕ್ಕೆ ದಂಪತಿಗಳು ಮಂಪರುಮದ್ದನ್ನು ಕೊಟ್ಟು ಶಸ್ತ್ರಚಿಕಿತ್ಸೆ ಮಾಡಿದರು. ಅದು ಬದುಕಿತು, ಬಲಿಯಿತು, ತನ್ನ ಕಣಿವೆಯಲ್ಲಿ ರಾಜನಂತೆ ಮೆರೆಯಿತು. ಕಡೆಗೊಮ್ಮೆ ರಕ್ಷಿತಾರಣ್ಯದ ಎಲ್ಲೆಯ ಹೊರಗೆ, ಮೃಗಯಾವಿನೋದಕ್ಕೆ ಬಂದವನೊಬ್ಬನ ಗುಂಡಿಗೆ ಬಲಿಯಾಯಿತು. ಈ ಭಾಗವನ್ನು ಕಣ್ಣೊದ್ದೆಯಾಗದೆ ಓದುವುದು ಕಷ್ಟ. ಕ್ರೌಂಚಮಿಥುನದಲ್ಲೊಂದು ನೆಲಕ್ಕುರುಳಿದಾಗ ಆದಿಕವಿಯ ಶೋಕವು ಶ್ಲೋಕವಾದ ಪ್ರಸಂಗವು ಸಹೃದಯರಿಗೆ ತಾನಾಗಿ ನೆನಪಾಗುತ್ತದೆ.

ಗ್ರಂಥಕರ್ತರ ಶೋಕವು ಕಣ್ಣೀರಿನಲ್ಲೇ ನಿಲ್ಲದೆ ಕಾರಣವನ್ನು ಶೋಧಿಸುವುದು ಮತ್ತೊಂದು ಗುಣ. ರಕ್ಷಿತಾರಣ್ಯದ ಉತ್ತರದ ಎಲ್ಲೆಯಲ್ಲಿ ೧೯೫೮ರಲ್ಲಿ ಕುಕೆ ಬೇಲಿಯನ್ನು ಎಳೆಯಲಾಯಿತು. ಕಾಲುಬಾಯಿ ರೋಗವು ಕಾಡಿನಿಂದ ದನಗಳಿಗೆ ಹರಡದಿರಲೆಂದು, ಆ ಮೂಲಕ ಮಾಂಸದ ರಫ್ತು ಕೆಡದಿರಲೆಂದು ಇಂಥ ಬೇಲಿಗಳು ಎದ್ದವು. ಬರಗಾಲದಲ್ಲಿ ನೀರನ್ನರಸಿ ಹೊರಟ ವಿಲ್ಡಬೀಸ್ಟ್ ಹಿಂಡುಗಳು ತಂತಿಗೆ ಅಡ್ಡಬಿದ್ದು ಸಹಸ್ರಾರು ಸಂಖ್ಯೆಯಲ್ಲಿ ಮಡಿದವು. ಯೂರೋಪಿನ ಊಟದ ಮೇಜಿಗೂ ಕಲಹಾರಿಯ ಎಲುಬಿನ ರಾಶಿಗೂ ಇರುವ ಸಂಬಂಧವನ್ನು ಲೋಕದ ಮುಂದಿಟ್ಟವರಲ್ಲಿ ಈ ದಂಪತಿಗಳು ಪ್ರಮುಖರು.

ಇಷ್ಟು ಗುಣಗಳುಳ್ಳ ಗ್ರಂಥದಲ್ಲಿ ದೋಷವೆಲ್ಲಿದೆ? ಅದರ ‘ನಿರ್ಜನತೆ’ಯಲ್ಲಿದೆ. ಬುಷ್‌ಮನ್ನರ ಕೆಲವು ತಂಡಗಳನ್ನು ಬಿಟ್ಟರೆ ಆ ವಿಶಾಲಪ್ರದೇಶಕ್ಕೆಲ್ಲ ಮನುಷ್ಯರೆಂದರೆ ತಾವಿಬ್ಬರೇ ಎಂಬ ಭಾವವು ಗ್ರಂಥದುದ್ದಕ್ಕೂ ಹರಿಯುತ್ತದೆ. ಸಿಂಹಕ್ಕೆ ಹೆಸರುಂಟು, ನರಿಗೆ ಹೆಸರುಂಟು, ಕತ್ತೆಕಿರುಬದ ಮರಿಗೂ ಹೆಸರುಂಟು. ಬಿಡಾರದ ಕೆಲಸಕ್ಕೆ ಬಂದ ಸ್ಥಳೀಯ ತರುಣನೊಬ್ಬನಿಗೂ ಸ್ವಲ್ಪ ಎಡೆಯುಂಟು. ಆದರೆ ಆ ಅರಣ್ಯದ ಮೂಲನಿವಾಸಿಗಳು ಮಾತ್ರ ‘ಬಿಟ್ಟರೆ’ ಎಂಬ ಒಂದು ಪದದೊಳಗೆ ಅಡಗಿಹೋಗುತ್ತಾರೆ.

ಆ ಅರಣ್ಯದ ಚರಿತ್ರೆಯನ್ನು ಬಲ್ಲವರಿಗೆ ಇದು ಸಣ್ಣ ಲೋಪವೆನಿಸದು. ಸುಮಾರು ೫೨,೮೦೦ ಚದರ ಕಿಲೋಮೀಟರ್ ವಿಸ್ತಾರವುಳ್ಳ ಮಧ್ಯ ಕಲಹಾರಿ ರಕ್ಷಿತಾರಣ್ಯವನ್ನು ೧೯೬೧ರಲ್ಲಿ, ಬ್ರಿಟಿಷರ ಆಳ್ವಿಕೆಯಲ್ಲಿ, ಏರ್ಪಡಿಸಿದ್ದು ಮೃಗಗಳ ರಕ್ಷಣೆಗಷ್ಟೇ ಅಲ್ಲ. ಅಲ್ಲಿ ಬೇಟೆಯಿಂದಲೂ ಗೆಡ್ಡೆಗೆಣಸುಗಳಿಂದಲೂ ಜೀವಿಸುತ್ತಿದ್ದ ಸಾನ್ ಜನರ ಬಾಳಿಗೆ ನೆಲೆಯಿರಲೆಂಬುದೂ ಅದರ ಉದ್ದೇಶವಾಗಿತ್ತು. ದಂಪತಿಗಳು ಪೀಪಾಯಿಗಳಲ್ಲಿ ನೀರು ಹೊತ್ತು ಕಷ್ಟಪಟ್ಟು ಉಳಿದ ಮರುಭೂಮಿಯಲ್ಲಿ ಆ ಜನರು ತ್ಸಮ್ಮ ಎಂಬ ಕಾಡುಕಲ್ಲಂಗಡಿಯಿಂದಲೂ ಬೇರುಗಳಿಂದಲೂ ನೀರನ್ನು ಪಡೆದು ತಲೆಮಾರುಗಳನ್ನು ಕಳೆದಿದ್ದರು. ೧೯೯೭ರಲ್ಲಿಯೂ ೨೦೦೨ರಲ್ಲಿಯೂ ಬೋಟ್ಸ್ವಾನ ಸರ್ಕಾರವು ಅವರನ್ನು ಅರಣ್ಯದ ಹೊರಗಣ ವಸತಿಗಳಿಗೆ ಸಾಗಿಸಿತು. ೨೦೦೨ರಲ್ಲಿ ಅವರ ನೀರಿನ ಏರ್ಪಾಡನ್ನೂ ನಿಲ್ಲಿಸಿತು. ಅವರನ್ನು ಒಪ್ಪಿಗೆಯಿಲ್ಲದೆ ನೆಲದಿಂದ ಬಿಡಿಸಿದ್ದೂ, ಬೇಟೆಯ ಪರವಾನಗಿಯನ್ನು ನಿರಾಕರಿಸಿದ್ದೂ ನ್ಯಾಯವಿರುದ್ಧವೆಂದು ಆ ದೇಶದ ಉಚ್ಚ ನ್ಯಾಯಾಲಯವು ೨೦೦೬ರ ಡಿಸೆಂಬರ್ ೧೩ರಂದು ತೀರ್ಪಿತ್ತಿತು. ತಮ್ಮ ಖರ್ಚಿನಲ್ಲಿ ಕೊಳವೆಬಾವಿಯ ನೀರನ್ನು ಪಡೆಯುವ ಹಕ್ಕು ಮೇಲ್ಮನವಿಯ ನ್ಯಾಯಾಲಯದಿಂದ ದೊರೆತದ್ದು ೨೦೧೧ರಲ್ಲಿ. ಹೊರದೇಶದ ಬೇಟೆಗಾರನು ಹಣತೆತ್ತು ಸಿಂಹವನ್ನು ಹೊಡೆಯಬಹುದಾಗಿದ್ದ ನಾಡಿನಲ್ಲಿ, ಹೊಟ್ಟೆಗಾಗಿ ಬೇಟೆಯಾಡುವವನು ಪರವಾನಗಿಗಾಗಿ ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು.

೧೯೮೪ರ ಗ್ರಂಥಕ್ಕೆ ಮುಂದೆ ನಡೆದುದರ ಹೊಣೆಯನ್ನು ಹೊರಿಸಲಾದೀತೆ ಎಂದು ಕೇಳುವವರುಂಟು. ಹೊರಿಸುವುದು ಅನ್ಯಾಯ. ದಂಪತಿಗಳು ಹೋದದ್ದು ಮೃಗಗಳ ಅಧ್ಯಯನಕ್ಕೆ, ಜನರ ಅಧ್ಯಯನಕ್ಕಲ್ಲ. ಆದರೂ ಕಾಡೆಂದರೆ ಮನುಷ್ಯರಿಲ್ಲದ ಸ್ಥಳವೆಂಬ ಭಾವನೆಯು ರಮ್ಯವಾದ ಗ್ರಂಥದ ಮೂಲಕ ಮನಸ್ಸಿನಲ್ಲಿ ನಾಟಿದರೆ, ಅಲ್ಲಿರುವ ಮನುಷ್ಯರನ್ನು ಹೊರಡಿಸಿದಾಗ ಓದುಗರಿಗೆ ಏನೂ ಕಳೆದುಹೋದಂತೆ ತೋರುವುದಿಲ್ಲ. ಔಚಿತ್ಯವೆಂಬುದು ಇರುವುದನ್ನು ಚೆನ್ನಾಗಿ ಹೇಳುವುದರಿಂದ ಮಾತ್ರ ಪೂರ್ಣವಾಗದು. ಯಾವುದನ್ನು ಬಿಡಬಾರದೆಂಬ ವಿವೇಕವೂ ಅದರಲ್ಲಿ ಸೇರಿದೆ.

ಈ ವಿವೇಕಕ್ಕೆ ಆದಿಕಾವ್ಯದಲ್ಲೇ ನಿದರ್ಶನವಿದೆ. ಕ್ರೌಂಚವನ್ನು ಕೊಂದ ನಿಷಾದನಿಗೆ ಶಾಪವನ್ನಿತ್ತ ವಾಲ್ಮೀಕಿಯೇ, ಗಂಗಾತೀರದಲ್ಲಿ ಸೀತಾರಾಮರನ್ನು ಎದುರ್ಗೊಂಡು ದೋಣಿಯನ್ನೊದಗಿಸಿದ ಗುಹನನ್ನು ರಾಮನ ಪ್ರಿಯಸಖನನ್ನಾಗಿ ಚಿತ್ರಿಸಿದನು. ಗುಹನೂ ನಿಷಾದನೇ. ಬಿದ್ದ ಹಕ್ಕಿಗಾಗಿ ಕರಗಿದ ಹೃದಯವು ಬೇಟೆಗಾರರ ಕುಲವನ್ನು ಕಾವ್ಯದಿಂದ ಹೊರಗಿಡಲಿಲ್ಲ. ಆ ದಂಪತಿಗಳ ವನವಾಸವು ಅರಣ್ಯವಾಸಿಗಳ ಆತಿಥ್ಯವಿಲ್ಲದೆ ಸಾಗದು. ಕಲಹಾರಿಯ ದಂಪತಿಗಳ ಗ್ರಂಥದಲ್ಲಿ ಕ್ರೌಂಚವಿದೆ, ಶೋಕವಿದೆ. ಗುಹನಿಗೆ ಮಾತ್ರ ಎಡೆಯಿಲ್ಲ.

ಈ ಕೊರತೆಯನ್ನರಿತು ಓದಿದರೆ ‘ಕ್ರೈ ಆಫ್ ದಿ ಕಲಹಾರಿ’ ಮನೆಮನೆಯಲ್ಲಿಯೂ ಓದತಕ್ಕ ಗ್ರಂಥವೇ ಸರಿ. ಕತ್ತೆಕಿರುಬಗಳ ಅಧ್ಯಾಯಗಳನ್ನು ಮಕ್ಕಳಿಗೆ ಓದಿಹೇಳಿದರೆ ಅವರು ಯಾವ ಪ್ರಾಣಿಯನ್ನೂ ಹೇಸಿಗೆಯಿಂದ ನೋಡಲಾರರು. ಇದನ್ನು ಕನ್ನಡಿಸಲು ಮುಂದಾಗುವವರು ಸಾನ್ ಜನರ ವೃತ್ತಾಂತವನ್ನೂ ೨೦೦೬ರ ತೀರ್ಪನ್ನೂ ಪೀಠಿಕೆಯಲ್ಲಿ ವಿವರಿಸುವುದು ಅಗತ್ಯ. ಆ ಕಣಿವೆಯನ್ನು ಕಾಣಲೆಂದು ಹೋಗುವ ಗೃಹಸ್ಥರೂ ಅಲ್ಲಿ ಯಾವ ಮೃಗಗಳಿವೆಯೆಂದು ಕೇಳುವಾಗಲೇ, ಅದು ಯಾರ ನೆಲವೆಂದೂ ಅವರೀಗ ಎಲ್ಲಿರುವರೆಂದೂ ಕೇಳಿ ತಿಳಿಯುವುದು ಒಳ್ಳೆಯದು.