ಬಂದ ನೀರಿಗೆ ಹೋಗುವ ದಾರಿ

ಯಾರ ತೋಟಕ್ಕೆ ಹೋದರೂ ನಾನು ಮೊದಲು ನಡೆಯುವುದು ಅದರ ತಗ್ಗಿನ ತುದಿಗೆ. ಬೋರಿನಲ್ಲಿ ಎಷ್ಟು ಇಂಚು ನೀರು, ಡ್ರಿಪ್ ಹಾಕಿಸಿ ಎಷ್ಟು ವರ್ಷವಾಯಿತು ಎಂಬ ಮಾತೆಲ್ಲ ಆಮೇಲೆ. ಬಸಿಗಾಲುವೆ ತೆರೆದಿದೆಯೋ, ಹೂಳು ತುಂಬಿ ಮುಚ್ಚಿದೆಯೋ ಎಂದು ನೋಡಿದರೆ ಆ ತೋಟದ ಅರ್ಧ ಜಾತಕ ಸಿಕ್ಕಿದ ಹಾಗೆ. ನೀರು ತರುವುದಕ್ಕೆ ಎಷ್ಟು ಜಾಣತನ ಬೇಕೋ, ಕೆಲಸ ಮುಗಿಸಿದ ನೀರನ್ನು ಕಳಿಸುವುದಕ್ಕೂ ಅಷ್ಟೇ ಬೇಕು.

ಬೇರಿಗೆ ನೀರಿನ ಜೊತೆ ಗಾಳಿಯೂ ಬೇಕು. ಮಣ್ಣಿನ ಸಂದಿಗಳಲ್ಲೆಲ್ಲ ನೀರೇ ನಿಂತರೆ ಬೇರು ಉಸಿರುಗಟ್ಟಿ ಕೊಳೆಯುತ್ತದೆ. ಕೊಳೆತ ಬೇರು ನೀರೆಳೆಯಲಾರದು. ಹಾಗಾಗಿ ಕಾಲಡಿ ನೀರು ನಿಂತಿದ್ದರೂ ಗಿಡ ಬಾಡುತ್ತದೆ. ಬಾಡಿದ್ದನ್ನು ಕಂಡು ಮತ್ತಷ್ಟು ನೀರು ಬಿಡುವವರಿದ್ದಾರೆ. ಗಿಡಕ್ಕೆ ಅದಕ್ಕಿಂತ ದೊಡ್ಡ ಶಿಕ್ಷೆಯಿಲ್ಲ.

ತೋಟದಲ್ಲಿ ಆಗುವ ಈ ತಪ್ಪು ಅಚ್ಚುಕಟ್ಟಿನಲ್ಲೂ ಆಗುತ್ತದೆ. ತುಂಗಭದ್ರಾ ಅಚ್ಚುಕಟ್ಟಿನ ಬಹುಭಾಗವನ್ನು ಯೋಜಿಸಿದ್ದು ಜೋಳ, ಹತ್ತಿಯಂಥ ಮಿತ ನೀರಿನ ಬೆಳೆಗಳಿಗೆ. 1953ರಲ್ಲಿ ಅಣೆಕಟ್ಟು ಮುಗಿದು ನಾಲೆಯಲ್ಲಿ ನೀರು ಬಂದ ಮೇಲೆ ಮೇಲ್ಭಾಗದ ಎರೆಭೂಮಿಗೆಲ್ಲ ಭತ್ತ ಬಂತು. ಎರೆಮಣ್ಣು ನೀರನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಅಂತರ್ಜಲ ಮೇಲೇರಿತು, ಅದರೊಡನೆ ಉಪ್ಪೂ ಏರಿತು. ಬಿಸಿಲಿಗೆ ನೀರು ಆವಿಯಾಗುತ್ತದೆ, ಉಪ್ಪು ನೆಲದಲ್ಲೇ ಉಳಿಯುತ್ತದೆ. ಗಂಗಾವತಿ, ಸಿಂಧನೂರು ಕಡೆಯ ರೈತರ ಬಾಯಲ್ಲಿ ಇದು ಸವಳು-ಜವಳು. ಅತ್ತ ನಾಲೆಯ ಕೊನೆಯ ರೈತರು ನೀರಿಗಾಗಿ ಕಾಯುತ್ತಲೇ ಇರುತ್ತಾರೆ.

ಸವಳಿಗೆ ಮದ್ದೂ ನೀರೇ. ಹೊಲದ ಅಡಿಯಲ್ಲಿ ತೂತುಗಳಿರುವ ಪೈಪು ಹೂತು, ಮೇಲಿನಿಂದ ಸಿಹಿನೀರು ಕಟ್ಟಿದರೆ ಉಪ್ಪು ಕರಗಿ ಪೈಪಿನ ಮೂಲಕ ಹೊರಟುಹೋಗುತ್ತದೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಈ ಬಗ್ಗೆ ಕೆಲಸ ಮಾಡಿದ್ದಾರೆ. ಪೈಪು ಹೂಳದೆ ಬರೀ ನೀರು ಕಟ್ಟಿದರೆ ರೋಗ ಹೆಚ್ಚುತ್ತದೆ, ಅಷ್ಟೆ.

ಇದೇ ಪಾಠವನ್ನು ವೈದ್ಯರು ಗಾಯದ ಮುಂದೆ ಕುಳಿತು ಕಲಿತರು. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನ ಕದನಭೂಮಿಯೆಂದರೆ ಗೊಬ್ಬರ ತಿಂದ ಹೊಲಗಳು. ಆ ಮಣ್ಣು ಹೊಕ್ಕ ಗಾಯಗಳು ಕೊಳೆತು ಸಾವಿರಾರು ಸೈನಿಕರು ಕೈಕಾಲು, ಪ್ರಾಣ ಕಳೆದುಕೊಂಡರು. ಶಸ್ತ್ರವೈದ್ಯ ಅಲೆಕ್ಸಿಸ್ ಕ್ಯಾರೆಲ್ ಮತ್ತು ರಸಾಯನಶಾಸ್ತ್ರಜ್ಞ ಹೆನ್ರಿ ಡೇಕಿನ್ ಒಂದು ಕ್ರಮ ಹುಡುಕಿದರು. ಸತ್ತ ಮಾಂಸ ಕತ್ತರಿಸಿ ತೆಗೆದು, ಸಣ್ಣ ತೂತುಗಳ ರಬ್ಬರ್ ಕೊಳವೆಗಳನ್ನು ಗಾಯದ ಮೂಲೆಮೂಲೆಗೂ ಇಟ್ಟು, ಎರಡೆರಡು ಗಂಟೆಗೊಮ್ಮೆ ಸುಮಾರು ಶೇ. 0.5ರ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ ಹಾಯಿಸುವುದು. ಪ್ರತಿ ಸಲವೂ ಸ್ವಲ್ಪವೇ, ಆದರೆ ತಪ್ಪದೆ ವೇಳೆಗೆ ಸರಿಯಾಗಿ. ನಮ್ಮ ಹನಿ ನೀರಾವರಿಯ ತತ್ವವೂ ಇದಕ್ಕಿಂತ ಬೇರೆಯಲ್ಲ.

ಇಂದು ಸಾಮಾನ್ಯ ಗಾಯಕ್ಕೆ ಉಪ್ಪುನೀರಿನ ಸಲೈನ್ ಸಾಕು. ಕುಡಿಯಲು ಯೋಗ್ಯವಾದ ನಲ್ಲಿ ನೀರೂ ಆಗುತ್ತದೆ. ಮುಖ್ಯವಾದದ್ದು ಒತ್ತಡ. ಚದರ ಇಂಚಿಗೆ ಸುಮಾರು 8 ಪೌಂಡಿನ ಚಿಮ್ಮು ಕೊಳೆಯನ್ನು ಎಬ್ಬಿಸುತ್ತದೆ. ತೀರಾ ಮೆದುವಾದರೆ ಕೊಳೆ ಅಲ್ಲೇ ಅಂಟಿರುತ್ತದೆ, ತೀರಾ ಜೋರಾದರೆ ಒಳಕ್ಕೆ ನುಗ್ಗುತ್ತದೆ. ಮುಳ್ಳು ಚುಚ್ಚಿದ ಆಳದ ಕಿರುಗಾಯಕ್ಕೆ ವೈದ್ಯರು ಒತ್ತಿ ನೀರು ಬಿಡುವುದಿಲ್ಲ. ಹೊರಗೆ ಬರಲು ದಾರಿಯಿಲ್ಲದ ನೀರು ಸುತ್ತಲ ಮಾಂಸದೊಳಗೆ ಹರಡುತ್ತದೆ. ಶಸ್ತ್ರಚಿಕಿತ್ಸೆಯ ನಂತರ ಮೂತ್ರಕೋಶ ತೊಳೆಯುವಾಗ ನರ್ಸ್ ಒಳಹೋದದ್ದೆಷ್ಟು, ಹೊರಬಂದದ್ದೆಷ್ಟು ಎಂದು ಬರೆದಿಡುತ್ತಾರೆ. ಲೆಕ್ಕ ತಪ್ಪಿದರೆ ರಕ್ತ ಹೆಪ್ಪುಗಟ್ಟಿ ದಾರಿ ಕಟ್ಟಿರಬಹುದು, ತಕ್ಷಣ ನೋಡಲೇಬೇಕು. ಇಂಥ ಲೆಕ್ಕವನ್ನು ನಾವು ಹೊಲಕ್ಕೆ ಇಟ್ಟಿದ್ದೇವೆಯೇ?

ಅಡಿಕೆಗೆ ಸುಣ್ಣ ಬೆರೆತ ಬೋರ್ಡೋ ದ್ರಾವಣ ಹೊಡೆಯುವವರು ಇದೊಂದನ್ನು ಮನೆಮಂದಿಗೆಲ್ಲ ಹೇಳಿಕೊಡಬೇಕು. ಸುಣ್ಣ ಕಣ್ಣಿಗೆ ಸಿಡಿದರೆ ಉಜ್ಜಬೇಡಿ, ಔಷಧಿ ಹುಡುಕುತ್ತ ಕೂರಬೇಡಿ. ರೆಪ್ಪೆ ಅಗಲಿಸಿ ಹಿಡಿದು ಶುದ್ಧ ನೀರನ್ನು ಕನಿಷ್ಠ 15–20 ನಿಮಿಷ ಎಡೆಬಿಡದೆ ಹರಿಸಿ, ಆಮೇಲೆ ಆಸ್ಪತ್ರೆಗೆ ಓಡಿ. ಪೆಟ್ಟಾದ ಕಣ್ಣು ಕೆಳಗಿರುವಂತೆ ತಲೆ ವಾಲಿಸಿ. ಇಲ್ಲದಿದ್ದರೆ ಸುಣ್ಣದ ನೀರು ಒಳ್ಳೆಯ ಕಣ್ಣಿಗೂ ಹರಿಯುತ್ತದೆ. ಇಲ್ಲಿಯೂ ನೀರು ಹೋಗುವ ದಾರಿಯನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು.

ಹೊಸ ನಾಲೆಯ ಅಂದಾಜುಪಟ್ಟಿಯಲ್ಲಿ ಬಸಿಗಾಲುವೆಗೂ ಮೊದಲ ದಿನದಿಂದಲೇ ಹಣವಿರಬೇಕು. ಭೂಮಿ ಸವಳಾದ ಮೇಲೆ ಪರಿಹಾರ ಕೊಡುವುದಕ್ಕಿಂತ ಅದು ಅಗ್ಗ. ಹೊಸ ತೋಟ ಹಾಕುವ ಗೆಳೆಯರಲ್ಲಿ ನನ್ನ ವಿನಂತಿಯೂ ಇಷ್ಟೇ: ಪಂಪಿಗೆ ಮುಂಗಡ ಕೊಡುವ ಮುಂಚೆ ಇಳಿಜಾರು ನೋಡಿ, ಬಸಿಗಾಲುವೆಗೆ ಗೂಟ ಹೊಡೆಯಿರಿ. ಗುಂಡಿ ತೆಗೆಯುವ ಕೆಲಸ ಆಮೇಲೆ.