ಮಾದರಿಯ ಪ್ರಾಮಾಣ್ಯ: ಅಡಿಕೆಯ ಹಳದಿ ಎಲೆ ರೋಗದ ಸಂಶೋಧನೆಯನ್ನು ಕುರಿತು

ವೈಜ್ಞಾನಿಕ ಪ್ರಬಂಧಗಳಲ್ಲಿ ‘ಸಾಮಗ್ರಿ ಮತ್ತು ವಿಧಾನ’ ಎಂಬ ಭಾಗವನ್ನು ಓದುಗರು ಸಾಮಾನ್ಯವಾಗಿ ದಾಟಿ ಹೋಗುತ್ತಾರೆ. ಸಸ್ಯರೋಗದ ಪ್ರಬಂಧವಾದರೆ ಅಲ್ಲಿ ಬಹುಮಟ್ಟಿಗೆ ಒಂದೇ ಬಗೆಯ ವಾಕ್ಯವಿರುತ್ತದೆ: ಎಲೆಗಳನ್ನು ಸಂಗ್ರಹಿಸಿ ಪರೀಕ್ಷೆಯವರೆಗೆ ಮೈನಸ್ 80 ಡಿಗ್ರಿ ಸೆಲ್ಸಿಯಸ್ ಶೈತ್ಯದಲ್ಲಿ ಇರಿಸಲಾಯಿತು, ಎಂದು. ಆಕರಗಳ ಪರಿಶೀಲನೆಯೇ ಕಸುಬಾಗಿರುವ ಇತಿಹಾಸದ ವಿದ್ಯಾರ್ಥಿಗೆ ಈ ವಾಕ್ಯ ಸಾಲದು. ಎಲೆಯನ್ನು ಕೊಯ್ದದ್ದು ಯಾವ ಹೊತ್ತಿನಲ್ಲಿ, ಶೈತ್ಯಕ್ಕೆ ಸೇರಿದ್ದು ಯಾವಾಗ, ನಡುವಣ ಕಾಲದಲ್ಲಿ ಅದು ಎಲ್ಲಿತ್ತು, ಯಾರ ವಶದಲ್ಲಿತ್ತು ಎಂಬ ಪ್ರಶ್ನೆಗಳಿಗೆ ಅದರಲ್ಲಿ ಉತ್ತರವಿಲ್ಲ. ಇತಿಹಾಸದ ಅಧ್ಯಾಪಕನು ಇಲ್ಲಿ ತಲೆಹಾಕುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಆದರೆ ಇಲ್ಲಿನ ಪ್ರಶ್ನೆ ಪ್ರಮಾಣವನ್ನು ಕುರಿತದ್ದೇ ಹೊರತು ಯಂತ್ರವನ್ನು ಕುರಿತದ್ದಲ್ಲ.

ಸುಳ್ಯ ತಾಲ್ಲೂಕಿನ ಸಂಪಾಜೆ, ಅರಂತೋಡು ಮೊದಲಾದ ಕಡೆಗಳ ತೋಟಗಳನ್ನು ಹಳದಿ ಎಲೆ ರೋಗವು ದಶಕಗಳಿಂದ ಪೀಡಿಸುತ್ತಿದೆ. ಕೇರಳದಲ್ಲಿ ಅದು 1914ರಷ್ಟು ಹಿಂದೆಯೇ ಗಮನಕ್ಕೆ ಬಂದಿತ್ತು. ಫೈಟೋಪ್ಲಾಸ್ಮಾ ಎಂದು ಈಗ ಕರೆಯಲಾಗುವ ಸೂಕ್ಷ್ಮಜೀವಿಗೂ ಈ ರೋಗಕ್ಕೂ ಸಂಬಂಧವಿದೆಯೆಂಬುದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ನೆರವಿನಿಂದ 1978ರಲ್ಲಿ ತಿಳಿದುಬಂದಿತು. ಆ ಜೀವಿಯು ಮರದ ಆಹಾರವಾಹಕ ನಾಳಗಳಲ್ಲಿ ವಿರಳವಾಗಿ, ಅಸಮವಾಗಿ ಹರಡಿರುವುದರಿಂದ ಅದನ್ನು ಪತ್ತೆಹಚ್ಚುವುದು ಸುಲಭವಲ್ಲ. ಎಲೆ ಹಳದಿಯಾಗಲು ನೀರು ಬಸಿಯದಿರುವುದು, ಪೋಷಕಾಂಶಗಳ ಕೊರತೆ ಮುಂತಾದ ಬೇರೆ ಕಾರಣಗಳೂ ಉಂಟು. ಆದಕಾರಣ, ಎಲೆಯೊಳಗಿನ ಸಕ್ಕರೆ, ಅಮೈನೋ ಆಮ್ಲ, ಫಿನಾಲ್ ಮೊದಲಾದ ಸಣ್ಣ ಅಣುಗಳನ್ನು ಒಟ್ಟಾಗಿ ಅಳೆದು ರೋಗದ ಗುರುತನ್ನು ಅರಸುವ ಮೆಟಬಾಲೊಮಿಕ್ಸ್ ಎಂಬ ವಿಧಾನವು ಆಶಾದಾಯಕವಾಗಿ ಕಾಣುವುದು ಸಹಜ.

ಆದರೆ ಕೊಯ್ದ ಎಲೆ ಸತ್ತ ವಸ್ತುವಲ್ಲ. ಅದು ಉಸಿರಾಡುತ್ತಲೇ ಇರುತ್ತದೆ. ಕಿಣ್ವಗಳು ಕೆಲಸ ಮಾಡುತ್ತಲೇ ಇರುತ್ತವೆ. ಕೆಲವು ಅಣುಗಳ ಪ್ರಮಾಣವಂತೂ ಕ್ಷಣಗಳಲ್ಲಿ ಬದಲಾಗುತ್ತದೆ. ರಕ್ತದ ಉದಾಹರಣೆ ವೈದ್ಯರಿಗೆ ಚಿರಪರಿಚಿತ: ಕೊಠಡಿಯ ಉಷ್ಣತೆಯಲ್ಲಿ ಹಾಗೆಯೇ ಇಟ್ಟ ರಕ್ತದಲ್ಲಿ ಗ್ಲೂಕೋಸ್ ಗಂಟೆಗೆ ನೂರಕ್ಕೆ ಸುಮಾರು 5ರಿಂದ 7ರಷ್ಟು ಇಳಿಯುತ್ತದೆ. ನಮ್ಮ ಜಿಲ್ಲೆಯವರಿಗೆ ಇದಕ್ಕಿಂತ ಹತ್ತಿರದ ನಿದರ್ಶನ ಅಡಿಕೆಯೇ. ಹಣ್ಣಡಿಕೆಯನ್ನು ಅಂಗಳದಲ್ಲಿ ತಿಂಗಳಿಗೂ ಮೀರಿ ಒಣಗಿಸಿದರೆ ಚಾಲಿ. ಎಳೆಯ ಕಾಯನ್ನು ಸುಲಿದು ಬೇಯಿಸಿ ಒಣಗಿಸಿದರೆ ಕೆಂಪಡಿಕೆ. ಕೊಯ್ದ ಕಾಲ ಯಾವುದು, ಕೊಯ್ದ ಮೇಲೆ ಏನು ನಡೆಯಿತು ಎಂಬುದರಿಂದಲೇ ಒಂದೇ ಮರದ ಫಲ ಎರಡು ಸರಕಾಗುತ್ತದೆಂಬುದನ್ನು ಯಾವ ಬೆಳೆಗಾರನಿಗೂ ಕಲಿಸಬೇಕಾಗಿಲ್ಲ.

ಆಲೆಟ್ಟಿಯ ತೋಟವೊಂದರಲ್ಲಿ ರೋಗ ತಗುಲಿದ ಮರದಿಂದ ಸೋಗೆಯನ್ನು ಇಳಿಸಿ, ಎಲೆಯನ್ನು ಚೀಲಕ್ಕೆ ಹಾಕಿ, ಪುತ್ತೂರಿನ ದಾರಿಯಾಗಿ ವಿಟ್ಲಕ್ಕೋ ಜಾಲ್ಸೂರಿನ ದಾರಿಯಾಗಿ ಕಾಸರಗೋಡಿಗೋ ಸಾಗಿಸಿದರೆಂದು ಭಾವಿಸೋಣ. ಹೋಲಿಕೆಗೆ ಬೇಕಾದ ನಿರೋಗಿ ಮರದ ಎಲೆಯನ್ನು ಸಂಶೋಧನಾ ಕೇಂದ್ರದ ಆವರಣದಲ್ಲಿಯೇ ಕೊಯ್ದು ಒಡನೆಯೇ ದ್ರವ ನೈಟ್ರೋಜನ್‌ನಲ್ಲಿ ಅದ್ದಿದರೆಂದೂ ಭಾವಿಸೋಣ. ಮೊದಲನೆಯದು ಮಧ್ಯಾಹ್ನ ಕೊಯ್ದದ್ದು, ಎರಡನೆಯದು ಬೆಳಗ್ಗೆ. ಎಲೆಯಲ್ಲಿ ಹಗಲು ಏರಿದಂತೆ ಪಿಷ್ಟ ಕೂಡುತ್ತದೆ, ರಾತ್ರಿ ಕರಗುತ್ತದೆ. ಯಂತ್ರವು ಇವೆರಡರ ನಡುವೆ ಸ್ಪಷ್ಟವಾದ ವ್ಯತ್ಯಾಸವನ್ನು ತೋರಿಸುತ್ತದೆ. ಅದರಲ್ಲಿ ರೋಗದ ಪಾಲೆಷ್ಟು, ಹೊತ್ತಿನ ಪಾಲೆಷ್ಟು, ದಾರಿಯ ಪಾಲೆಷ್ಟು ಎಂದು ಬೇರ್ಪಡಿಸುವುದು ಅಸಾಧ್ಯ.

ಗಣಿತದಿಂದ ಇದನ್ನು ಸರಿಪಡಿಸಬಹುದೆಂಬ ವಾದವುಂಟು. ಎಲ್ಲ ಮಾದರಿಗಳಿಂದಲೂ ಸ್ವಲ್ಪ ಸ್ವಲ್ಪ ತೆಗೆದು ಬೆರೆಸಿ, ಆ ಮಿಶ್ರಣವನ್ನು ನಡುನಡುವೆ ಯಂತ್ರಕ್ಕೆ ಕೊಡುವ ಒಳ್ಳೆಯ ಪದ್ಧತಿಯೂ ಇದೆ. ಆದರೆ ಈ ಮಿಶ್ರಣವು ಯಂತ್ರದ ಏರುಪೇರನ್ನು ಹೇಳೀತೇ ಹೊರತು, ಎಲೆ ಅರೆಯುವ ಮೊದಲು ನಡೆದುದನ್ನು ಹೇಳಲಾರದು. ರೋಗಿ ಮರಗಳೆಲ್ಲ ದೂರದವು, ನಿರೋಗಿ ಮರಗಳೆಲ್ಲ ಹತ್ತಿರದವು ಎಂದಾದಾಗ ಯಾವ ಲೆಕ್ಕವೂ ಕೈಗೂಡದು. ಮೈನಸ್ 80 ಡಿಗ್ರಿ ಎಂಬ ಸಂಖ್ಯೆಗೆ ಪ್ರಬಂಧಗಳಲ್ಲಿ ದೊರೆತಿರುವ ಗೌರವವೂ ಕೊಂಚ ಅತಿಯಾದದ್ದು. ಆ ಶೈತ್ಯವು ಅಲ್ಲಿಯವರೆಗೆ ಆದ ಬದಲಾವಣೆಯನ್ನೇ ಜೋಪಾನವಾಗಿ ಕಾಪಾಡುತ್ತದೆ! ವಿದ್ಯುತ್ತು ಕೈಕೊಟ್ಟು ಮಾದರಿ ಕರಗಿ ಮತ್ತೆ ಹೆಪ್ಪುಗಟ್ಟಿದರೆ ಅದನ್ನೂ ಕಾಪಾಡುವುದಿಲ್ಲ.

ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ವನ್ನು ಇಲ್ಲಿ ನೆನೆಯಬಹುದು. 1886ರಿಂದ ಹೊರಬಂದ ಆ ಸಂಪುಟಗಳ ಪಾಠಗಳನ್ನು ಅನಂತರದ ವಿದ್ವಾಂಸರು ಅನೇಕ ಕಡೆ ತಿದ್ದಿದ್ದಾರೆ. ತಿದ್ದಲು ಸಾಧ್ಯವಾದದ್ದು ಹೇಗೆ? ತಾಲ್ಲೂಕು, ಸಂಖ್ಯೆ, ಗ್ರಾಮ, ಕಲ್ಲು ನಿಂತ ಜಾಗ ಇವನ್ನು ಅಲ್ಲಿ ನಮೂದಿಸಿರುವುದರಿಂದ, ಸಂದೇಹವಿದ್ದವರು ಮೂಲಕ್ಕೇ ಹೋಗಿ ಓದಬಹುದು. ಎಲೆಯ ವಿಷಯದಲ್ಲಿ ಈ ಸೌಕರ್ಯವಿಲ್ಲ. ಅರೆದು ಪರೀಕ್ಷಿಸಿದ ಮೇಲೆ ಮೂಲವೇ ಇಲ್ಲವಾಗುತ್ತದೆ. ಶಾಸನಕ್ಕೆ ಇರುವುದಕ್ಕಿಂತ ಹೆಚ್ಚು ವಿವರವಾದ ದಾಖಲೆ ಎಲೆಗೆ ಬೇಕಾಗಿರುವಾಗ, ನಾವು ಅದಕ್ಕೆ ಒಂದು ವಾಕ್ಯವನ್ನು ಕೊಡುತ್ತಿದ್ದೇವೆ.

ಈ ಮಾತು ವಿಜ್ಞಾನಿಗಳಿಗೆ ಹೊಸದಲ್ಲ. ಮಾದರಿಯ ಸಂಗ್ರಹ ಮತ್ತು ಶೇಖರಣೆಯ ವಿವರಗಳನ್ನು ವರದಿಯಲ್ಲಿ ಕೊಡಬೇಕೆಂದು ಈ ಶಾಸ್ತ್ರದ ಅಂತರರಾಷ್ಟ್ರೀಯ ಮಂಡಲಿಯೊಂದು 2007ರಲ್ಲಿಯೇ ಸೂಚಿಸಿತ್ತು. ಸೂಚನೆ ಆಚರಣೆಗೆ ಬರದಿದ್ದರೆ ಅದರ ಹೊರೆ ಬೆಳೆಗಾರನ ಮೇಲೆ ಬೀಳುತ್ತದೆ. ರೋಗಗ್ರಸ್ತ ತೋಟದ ನಡುವೆ ಹಸುರಾಗಿ ನಿಂತ ಮರಗಳನ್ನು ಹುಡುಕಿ, ಅವುಗಳಿಂದ ನಿರೋಧಕ ಸಸಿಗಳನ್ನು ಪಡೆಯುವ ಯತ್ನ ನಡೆದಿದೆ. ಅಂಥ ಮರದ ಆಯ್ಕೆಗೆ ತಪ್ಪು ಗುರುತನ್ನು ಆಧಾರವಾಗಿಟ್ಟುಕೊಂಡರೆ, ನೆಟ್ಟ ಸಸಿ ಫಲಕ್ಕೆ ಬರುವ ಐದಾರು ವರ್ಷಗಳು ಕಳೆದರೂ ಪ್ರಮಾದ ತಿಳಿಯದೆ ಹೋಗಬಹುದು.

ಪರಿಹಾರಕ್ಕೆ ಹೆಚ್ಚಿನ ವೆಚ್ಚವೇನೂ ಇಲ್ಲ. ದ್ರವ ನೈಟ್ರೋಜನ್ ತೋಟದವರೆಗೆ ಬರುವುದು ಉತ್ತಮ. ಬಾರದಿದ್ದರೆ ಡ್ರೈ ಐಸ್ ಆದರೂ ಇರಲಿ. ಅದೂ ಇಲ್ಲದ ದಿನ ನಿರೋಗಿ ಮರದ ಎಲೆಯನ್ನು ಅದೇ ತೋಟದಿಂದ, ಅದೇ ಹೊತ್ತಿನಲ್ಲಿ, ಅದೇ ಸುತ್ತಿನ ಸೋಗೆಯಿಂದ ಕೊಯ್ದು, ಅದೇ ಪೆಟ್ಟಿಗೆಯಲ್ಲಿ ಸಾಗಿಸಲಿ. ಮರದ ಸಂಖ್ಯೆ, ಕೊಯ್ದ ಗಂಟೆ, ಹೆಪ್ಪುಗಟ್ಟಿಸಿದ ಗಂಟೆ, ಕೊಯ್ದವರ ಹೆಸರು ಇಷ್ಟನ್ನು ತೋಟದಲ್ಲಿಯೇ ಪುಸ್ತಕದಲ್ಲಿ ಬರೆದು, ಪ್ರಬಂಧದೊಡನೆ ಅಚ್ಚುಮಾಡಲಿ.