ಬೀಟೆಯ ಹೆಸರಿನ ಸೆಂಟು

ನಮ್ಮ ಮನೆಯಲ್ಲಿ ಸೆಂಟು ಎನ್ನುವ ಪದಾರ್ಥಕ್ಕೆ ಒಳ್ಳೆಯ ಹೆಸರಿರಲಿಲ್ಲ. ಮೈಗೆ ಗಂಧದ ಸೋಪು, ತಲೆಗೆ ಒಂದು ಮೊಳ ಮಲ್ಲಿಗೆ, ಸೀರೆಯ ಬೀರುವಿಗೆ ಒಂದು ಚೂರು ಶ್ರೀಗಂಧ, ಇಷ್ಟಾದ ಮೇಲೆ ಇನ್ನೇನು ಬೇಕು ಎಂಬುದು ನಮ್ಮ ತಾಯಿಯ ವಾದ. ಸೆಂಟು ಹಾಕಿಕೊಳ್ಳುವವರು ಸ್ನಾನ ಮಾಡದವರು ಎಂದೇ ಅವರು ಕೊನೆಯವರೆಗೂ ನಂಬಿದ್ದರು. ಐವತ್ತೇಳು ವರ್ಷ ಇದೇ ವಾದದ ನೆರಳಿನಲ್ಲಿ ಕಳೆದ ನಾನು ಈಗ ಒಂದು ಸೆಂಟಿನ ವಿಮರ್ಶೆ ಬರೆಯಲು ಕುಳಿತಿದ್ದೇನೆ. ಪುಸ್ತಕದ ವಿಮರ್ಶೆ ಬರೆಯುವವರಿಗೆ ಪುಸ್ತಕ ಓದಿದರೆ ಸಾಕು. ಸೆಂಟಿನ ವಿಮರ್ಶೆ ಬರೆಯಬೇಕಾದರೆ ಅದನ್ನು ಹಾಕಿಕೊಂಡು ನಾಲ್ಕು ಜನರ ನಡುವೆ ಓಡಾಡಬೇಕು. ಕಷ್ಟವಿರುವುದು ಅಲ್ಲೇ.

ಕಳೆದ ಜನವರಿಯಲ್ಲಿ ತಂಗಿಯ ಮಗಳು ಪರದೇಶದಿಂದ ಬಂದಳು. ಚಾಕೊಲೇಟು, ಸ್ವೆಟರು ಎಲ್ಲ ಹಂಚಿ ಮುಗಿದ ಮೇಲೆ ನನ್ನ ಕೈಗೆ ಒಂದು ಪುಟ್ಟ ಡಬ್ಬಿ ಇಟ್ಟು, "ದೊಡ್ಡಮ್ಮ, ಇದು ರೋಸ್‌ವುಡ್. ಅಂದರೆ ನಮ್ಮ ಬೀಟೆ. ಮೈಸೂರಿನವರಿಗೆ ಇದಕ್ಕಿಂತ ಬೇರೆ ಬೇಕೆ?" ಎಂದಳು. ಒಳಗೆ ಚೌಕಾಕಾರದ ಸೀಸೆ, ಚಹಾದ ಬಣ್ಣದ ದ್ರವ. ಬೆಲೆ ಕೇಳಿದರೆ ಹೇಳಲಿಲ್ಲ. ತಯಾರಿಸಿದವರ ಹೆಸರು ನಮಗೆ ಬೇಡ. ಇಂಥ ಹೆಸರಿನ, ಇಂಥ ವಾಸನೆಯ ಸೀಸೆಗಳು ಈಗ ಬೇಕಾದಷ್ಟಿವೆ.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಯಜಮಾನರು ಹೋಗಿ ಮೂರು ವರ್ಷವಾಯಿತು. ಅಂದಿನಿಂದ ನಾನು ಹೂ ಮುಡಿದಿಲ್ಲ. ಮುಡಿಯಬೇಡ ಎಂದು ಯಾರೂ ಹೇಳಲಿಲ್ಲ, ಮುಡಿ ಎಂದೂ ಯಾರೂ ಹೇಳಲಿಲ್ಲ. ಅರಿಸಿನ ಕುಂಕುಮದ ತಟ್ಟೆ ನನ್ನ ಹತ್ತಿರ ಬರುವಾಗ ಅರೆಕ್ಷಣ ತಡೆದು ಮುಂದೆ ಹೋಗುತ್ತದೆಯಲ್ಲ, ಆ ಅರೆಕ್ಷಣವನ್ನು ಎದುರಿಸುವುದಕ್ಕಿಂತ ಹೂವಿಲ್ಲದೆ ಇರುವುದೇ ಸುಲಭ ಅನ್ನಿಸಿತು. ಮಕ್ಕಳಿಗೆ ವಚನ ಪಾಠ ಮಾಡುವಾಗ ಸಮಾನತೆಯ ಬಗ್ಗೆ ಗಂಟೆಗಟ್ಟಲೆ ಮಾತಾಡುವ ನಾನು ನನ್ನ ತಲೆಯ ವಿಷಯಕ್ಕೆ ಬಂದಾಗ ಇಷ್ಟೇ ಧೈರ್ಯದವಳು. ಆದರೆ ಸೆಂಟಿನ ಬಗ್ಗೆ ಯಾವ ಶಾಸ್ತ್ರದಲ್ಲೂ ಏನೂ ಬರೆದಿಲ್ಲವಷ್ಟೆ! ಆ ಧೈರ್ಯದಿಂದ ತೆಗೆದುಕೊಂಡೆ.

ಮರುದಿನ ಬೆಳಿಗ್ಗೆ ಆರು ಗಂಟೆಗೆ ಮೊದಲು ಮಣಿಕಟ್ಟಿಗೆ ಒಂದು ಸಲ, ಕುತ್ತಿಗೆಗೆ ಒಂದು ಸಲ ಒತ್ತಿಕೊಂಡು ದೊಡ್ಡಮ್ಮ, ಮಗಳು ಇಬ್ಬರೂ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಲು ಹೊರಟೆವು. ಸೆಂಟನ್ನು ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ ಎಂದು ಈಗ ನನಗೆ ಅನ್ನಿಸುತ್ತದೆ. ಪಾದದ ಹತ್ತಿರ ಚಳಿ, ಹತ್ತುತ್ತಾ ಹೋದಂತೆ ಮೈ ಬಿಸಿ, ಬೆವರು, ಮೇಲೆ ಗಾಳಿ. ಸೆಂಟು ಮೈಯ ಬಿಸಿಗೆ ಆರುವ ವಸ್ತು. ಹಗುರವಾದದ್ದು ಮೊದಲು ಹಾರುತ್ತದೆ, ಭಾರವಾದದ್ದು ಕೊನೆಯವರೆಗೆ ನಿಲ್ಲುತ್ತದೆ. ಆದ್ದರಿಂದ ಅಂಗಡಿಯಲ್ಲಿ ಕಾಗದದ ಪಟ್ಟಿಗೆ ಹಚ್ಚಿ ಮೂಸಿ ಕೊಳ್ಳುವುದು ಕಾದಂಬರಿಯ ಮೊದಲ ಪುಟ ಓದಿ ಅಭಿಪ್ರಾಯ ಹೇಳಿದಂತೆ.

ಮೊದಲ ಪುಟ ಚೆನ್ನಾಗಿಯೇ ಇತ್ತು. ಕರಿಮೆಣಸನ್ನು ಆಗಷ್ಟೇ ಕುಟ್ಟಿದಂತೆ ಒಂದು ಚುರುಕು, ಹಿಂದೆಯೇ ಏಲಕ್ಕಿ, ಕಿತ್ತಳೆಯ ಸಿಪ್ಪೆ ಸುಲಿದಾಗ ಸಿಡಿಯುವಂಥ ಹುಳಿ. ಪಾದದ ಬಳಿ ಕರ್ಪೂರ, ಬಾಳೆಹಣ್ಣು, ಹೂವಿನ ಬುಟ್ಟಿ ಇವುಗಳ ಮಧ್ಯೆಯೂ ಅದು ತನ್ನ ಗುರುತು ಬಿಡಲಿಲ್ಲ. ಆದರೆ ಸ್ವಲ್ಪ ಆತುರದ ಸ್ವಭಾವ. ನೂರು ಮೆಟ್ಟಿಲು ಹತ್ತುವಷ್ಟರಲ್ಲಿ ಕಿತ್ತಳೆ ಹಾರಿಹೋಗಿತ್ತು. ಮುನ್ನೂರರ ಹೊತ್ತಿಗೆ ಮೆಣಸೂ ತಣ್ಣಗಾಯಿತು.

ಆಮೇಲೆ ಬಂದದ್ದು ಮಧ್ಯಭಾಗ. ಹೆಸರಿಗೆ ಕಾರಣವಾದ ರೋಸ್‌ವುಡ್ ಇದೇ ಇರಬೇಕು. ಗುಲಾಬಿಯಂತೆ, ಆದರೆ ಗುಲಾಬಿಯಲ್ಲ. ಮರದಂತೆ, ಆದರೆ ಗರಗಸದ ಮಿಲ್ಲಿನ ಒರಟುತನವಿಲ್ಲ. ಇದನ್ನು ನಾನು ಎಲ್ಲೋ ಬಲ್ಲೆ, ಎಲ್ಲಿ ಎಂದು ಗೊತ್ತಾಗುತ್ತಿಲ್ಲ. ಬೀಟೆಯ ವಾಸನೆ ಮಾತ್ರ ಖಂಡಿತ ಅಲ್ಲ. ಅದನ್ನು ಇಷ್ಟು ಖಚಿತವಾಗಿ ಹೇಳಲು ಕಾರಣವಿದೆ. ಕೆಲವು ವರ್ಷಗಳ ಹಿಂದೆ ಮಕ್ಕಳನ್ನು ಕರೆದುಕೊಂಡು ಮೈಸೂರಿನಲ್ಲೇ ಒಂದು ಕೆತ್ತನೆ ಕೆಲಸದ ಮನೆಗೆ ಹೋಗಿದ್ದೆ. ಬೀಟೆಯ ಹಲಗೆಯಲ್ಲಿ ಗುಳಿ ತೆಗೆದು, ಬೇರೆ ಬೇರೆ ಬಣ್ಣದ ಮರದ ಚೂರುಗಳನ್ನು ಕೂರಿಸಿ ಚಿತ್ರ ಮಾಡುವ ಕೆಲಸ ಅದು. ಅರಮನೆಯ ಅಂಬಾವಿಲಾಸದ ಬೀಟೆಯ ಬಾಗಿಲುಗಳಲ್ಲಿ ದಂತ ಕೂರಿಸಿರುವುದನ್ನು ನೀವು ನೋಡಿರುತ್ತೀರಿ. ಈಗ ದಂತದ ಮಾತಿಲ್ಲ, ಎಲ್ಲ ಮರವೇ. ಅಲ್ಲಿಯ ಕೆಲಸಗಾರರೊಬ್ಬರು ಹೊಸದಾಗಿ ಕೊಯ್ದ ಬೀಟೆಯ ಹತ್ತರಿ ಹೊಟ್ಟನ್ನು ನನ್ನ ಅಂಗೈಗೆ ಹಾಕಿ, "ಮೂಸಿ ನೋಡಿ ಮೇಡಂ" ಎಂದರು. ಸಿಹಿಯಾದ, ತೆಳುವಾದ ವಾಸನೆ. ಒಣಗಿದ ಗುಲಾಬಿ ದಳವನ್ನು ಹಳೆಯ ಪುಸ್ತಕದಲ್ಲಿ ಇಟ್ಟು ಮರೆತಂತೆ. ಆ ಹೊಟ್ಟನ್ನು ಕಾಗದದಲ್ಲಿ ಕಟ್ಟಿ ತಂದು ಬಹಳ ದಿನ ಇಟ್ಟುಕೊಂಡಿದ್ದೆ. ಸೀಸೆಯಲ್ಲಿರುವುದು ಅದಲ್ಲ.

ನಂದಿ ಬರುವುದಕ್ಕೆ ಸ್ವಲ್ಪ ಮೊದಲು ಒಬ್ಬಾಕೆ ಹರಕೆ ಹೊತ್ತು ಪ್ರತಿ ಮೆಟ್ಟಿಲಿಗೂ ಅರಿಸಿನ ಕುಂಕುಮ ಹಚ್ಚುತ್ತಾ ಹತ್ತುತ್ತಿದ್ದರು. ದೊಡ್ಡದೇವರಾಜ ಒಡೆಯರು 17ನೇ ಶತಮಾನದಲ್ಲಿ ಈ ಸಾವಿರ ಮೆಟ್ಟಿಲು ಕಟ್ಟಿಸಿದಾಗ ಪ್ರತಿ ಮೆಟ್ಟಿಲಿಗೂ ಹೀಗೆ ಬಗ್ಗುವವರಿರುತ್ತಾರೆ ಎಂದು ಎಣಿಸಿದ್ದರೋ ಇಲ್ಲವೋ. ನಾನು ಪಕ್ಕಕ್ಕೆ ಸರಿದು ಹತ್ತಿದಾಗ ಆಕೆ ತಲೆಯೆತ್ತಿ, "ಅಕ್ಕ, ಯಾವ ಹೂವು ಮುಡಿದಿದ್ದೀರಿ? ಘಮ್ ಅಂತಿದೆ" ಎಂದರು. ಆಮೇಲೆ ನನ್ನ ಬರಿದಾದ ಜಡೆ ನೋಡಿ ಸುಮ್ಮನಾದರು. ಆಕೆಗೂ ಮುಜುಗರ, ನನಗೂ ಮುಜುಗರ. "ಸೆಂಟು ತಾಯಿ" ಎಂದೆ. "ಚೆನ್ನಾಗಿದೆ" ಎಂದು ನಕ್ಕು ಮುಂದಿನ ಮೆಟ್ಟಿಲಿಗೆ ಕುಂಕುಮ ಇಟ್ಟರು. ಒಂದು ಸೆಂಟಿಗೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ನಾನು ಕಾಣೆ. ನಂದಿಯ ಮುಂದೆ ಕುಳಿತು ದಣಿವಾರಿಸಿಕೊಳ್ಳುವಾಗ ಮಗಳು, "ಯಾಕೆ ದೊಡ್ಡಮ್ಮ, ಮಾತೇ ಇಲ್ಲ?" ಎಂದು ಕೇಳಿದಳು. ಉಸಿರು ಸಾಲದು ಎಂದು ಹೇಳಿದೆ. ಅರ್ಧ ನಿಜ.

ದೇವಸ್ಥಾನದ ಸಾಲಿನಲ್ಲಿ ನಿಂತಾಗ ಮೂರನೆಯ ಭಾಗ ಶುರುವಾಯಿತು. ನಿರಾಸೆಯಾದದ್ದು ಇಲ್ಲಿ. ಡಬ್ಬಿಯ ಮೇಲೆ ಶ್ರೀಗಂಧ ಎಂದೂ ಬರೆದಿದ್ದಾರೆ. ಮೂಗಿಗೆ ಬಂದದ್ದು ವೆನಿಲಾ ಹಾಕಿದ ಬಿಸ್ಕತ್ತಿನ ಸಿಹಿ, ಹಿಂದೆ ಪೆನ್ಸಿಲ್ ಹೆರೆದ ಒಣವಾಸನೆ. ಮಧ್ಯಾಹ್ನದ ಹೊತ್ತಿಗೆ ಪೆನ್ಸಿಲ್ಲೂ ಹೋಗಿ ಬಿಸ್ಕತ್ತು ಮಾತ್ರ ಉಳಿಯಿತು. ಬೇರೆ ಊರಿನವರನ್ನು ಇದು ಒಪ್ಪಿಸಬಹುದು. ಮೈಸೂರಿನವರ ಮುಂದೆ ಗಂಧದ ಹೆಸರು ಎತ್ತುವಾಗ ಸ್ವಲ್ಪ ಯೋಚಿಸಬೇಕಿತ್ತು. ಮೊದಲ ಮಹಾಯುದ್ಧದಲ್ಲಿ ಯೂರೋಪಿಗೆ ಗಂಧದ ಮರ ಹೋಗುವುದು ನಿಂತಾಗ, ಮರವನ್ನು ಮಾರುವ ಬದಲು ಎಣ್ಣೆಯನ್ನೇ ತೆಗೆಯೋಣ ಎಂದು ನಾಲ್ವಡಿ ಕೃಷ್ಣರಾಜ ಒಡೆಯರು, ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ 1916ರಲ್ಲಿ ಎಣ್ಣೆಯ ಕಾರ್ಖಾನೆ ಎದ್ದ ಊರು ಇದು. ಒಳ್ಳೆಯ ಗಂಧದೆಣ್ಣೆ ಮೊದಲು ಮಾತೇ ಆಡುವುದಿಲ್ಲ. ಹಚ್ಚಿಕೊಂಡವರಿಗೆ ಇಷ್ಟೇನಾ ಅನ್ನಿಸುತ್ತದೆ. ಸಂಜೆ ಮನೆಗೆ ಬಂದು ಸೀರೆ ಮಡಿಸುವಾಗ ಸೆರಗಿನಿಂದ ಕಾಯಿಸಿದ ಹಾಲಿನಂತೆ ಮೆತ್ತಗೆ ಬರುತ್ತದೆ. ಅತ್ತರಿನವರು ಹೂವಿನ ಆವಿಯನ್ನು ಗಂಧದೆಣ್ಣೆಯಲ್ಲಿ ಹಿಡಿದಿಡುತ್ತಿದ್ದುದು ಸುಮ್ಮನೆ ಅಲ್ಲ, ಅದು ತಾನೂ ನಿಲ್ಲುತ್ತದೆ, ಜೊತೆಗಿದ್ದವರನ್ನೂ ನಿಲ್ಲಿಸುತ್ತದೆ. ಈ ಸೀಸೆಯಲ್ಲಿ ಆ ಹಿಡಿದಿಡುವ ಕೈ ಇಲ್ಲ. ಒಳ್ಳೆಯ ಮಧ್ಯಭಾಗವನ್ನು ಆಲ್ಕೋಹಾಲಿನ ಗಾಳಿಗೆ ಬಿಟ್ಟುಬಿಟ್ಟಿದ್ದಾರೆ.

ಆದರೂ ಆ ಮಧ್ಯಭಾಗ ನನ್ನನ್ನು ಬಿಡಲಿಲ್ಲ. ಸೋಮವಾರ ಡಬ್ಬಿಯನ್ನೇ ಶಾಲೆಗೆ ಒಯ್ದು ನಮ್ಮ ವಿಜ್ಞಾನದ ಮೇಷ್ಟರ ಮುಂದಿಟ್ಟೆ. ಅವರು ಕನ್ನಡಕ ಹಣೆಗೇರಿಸಿ ಕೆಳಗಿನ ಸಣ್ಣ ಅಕ್ಷರ ಓದಿ, "ಲಿನಲೂಲ್ ಇದೆಯಲ್ಲ ಮೇಡಂ" ಎಂದರು. ಆಮೇಲೆ ಅವರು ಹೇಳಿದ್ದು, ನಾನು ಓದಿಕೊಂಡದ್ದು ಎರಡನ್ನೂ ಸೇರಿಸಿ ಹೇಳುತ್ತೇನೆ.

ಸುಗಂಧದವರ ರೋಸ್‌ವುಡ್ಡಿಗೂ ನಮ್ಮ ಬೀಟೆಗೂ ನೆಂಟಸ್ತನವೇ ಇಲ್ಲ. ನಮ್ಮ ಬೀಟೆ ಡಾಲ್ಬರ್ಜಿಯಾ, ತೊಗರಿ, ಹೊಂಗೆ, ಹುಣಸೆಗಳ ಬಳಗ. ಅವರದು ಅಮೆಜಾನ್ ಕಾಡಿನ ಅನೀಬ ಎಂಬ ಮರ, ನಮ್ಮ ದಾಲ್ಚಿನ್ನಿಯ ಬಳಗ. ಎರಡನ್ನೂ ಕೊಯ್ದಾಗ ಗುಲಾಬಿಯ ನೆನಪಾಗುತ್ತದೆ ಎಂದು ಇಂಗ್ಲಿಷಿನವರು ಒಂದೇ ಹೆಸರಿಟ್ಟರು, ಅಷ್ಟೆ. ಆ ಅಮೆಜಾನಿನ ಮರದ ಎಣ್ಣೆ ಬೇಕೆಂದರೆ ಮರವನ್ನೇ ಉರುಳಿಸಿ, ಚೂರು ಮಾಡಿ, ಆವಿಯಲ್ಲಿ ಬಟ್ಟಿ ಇಳಿಸಬೇಕು. ಕಳೆದ ಶತಮಾನವಿಡೀ ಹೀಗೆ ಉರುಳಿಸಿ ಉರುಳಿಸಿ ಮರವೇ ಅಪರೂಪವಾಯಿತು. 2010ರಲ್ಲಿ ಅದರ ವ್ಯಾಪಾರವನ್ನು ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಹಿಡಿತಕ್ಕೆ ತಂದರು. ನಮ್ಮ ಬೀಟೆಯ ಕುಲವಿಡೀ 2017ರಲ್ಲಿ ಅದೇ ಪಟ್ಟಿಗೆ ಸೇರಿತು. ಹೆಸರಿನಲ್ಲಿ ಮಾತ್ರ ನೆಂಟರಾಗಿದ್ದ ಎರಡು ಮರಗಳು ಕಡೆಗೆ ಕಷ್ಟದಲ್ಲೂ ನೆಂಟರಾದವು. ಈಗಿನ ಸೀಸೆಗಳಲ್ಲಿ ಬಹುಮಟ್ಟಿಗೆ ಇರುವುದು ಕಾರ್ಖಾನೆಯಲ್ಲಿ ಮಾಡಿದ ಲಿನಲೂಲ್. ಆ ಮರದ ಎಣ್ಣೆಯಲ್ಲಿ ಹೆಚ್ಚಿನ ಪಾಲು ಇದೇ ಇರುವುದರಿಂದ ಕೆಲಸ ನಡೆಯುತ್ತದೆ. ಮರ ಉಳಿಯುವುದಾದರೆ ನನ್ನ ತಕರಾರಿಲ್ಲ. ತಕರಾರಿರುವುದು ಹೆಸರಿಗೆ.

"ಈ ಲಿನಲೂಲ್ ಇನ್ನೆಲ್ಲಿದೆ ಮೇಷ್ಟ್ರೆ?" ಎಂದು ಕೇಳಿದೆ. "ನಿಮ್ಮ ಮನೆಯಲ್ಲೇ ಇದೆ. ಕೊತ್ತಂಬರಿ ಬೀಜದ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಅದೇ" ಎಂದರು. ನೋಡಿ! ಮೂವತ್ತು ವರ್ಷ ಸಾರಿನ ಪುಡಿ ಹುರಿದ ಕೈಗೆ ಗುರುತು ಸಿಕ್ಕಿರಲಿಲ್ಲ. ಸಂಜೆ ಮನೆಗೆ ಹೋಗಿ ಒಂದು ಹಿಡಿ ಕೊತ್ತಂಬರಿ ಬೀಜವನ್ನು ಹುರಿಯದೆ ಹಾಗೇ ಒರಳಿನಲ್ಲಿ ಜಜ್ಜಿ ಮೂಸಿದೆ. ಅದೇ. ಆ ಗುಲಾಬಿಯಲ್ಲದ ಗುಲಾಬಿ, ಮರವಲ್ಲದ ಮರ. ಅನುಮಾನವಿದ್ದವರು ತಮ್ಮ ಅಡಿಗೆಮನೆಯಲ್ಲೇ ಪರೀಕ್ಷೆ ಮಾಡಿ ನೋಡಬಹುದು.

ಹೊರಡುವಾಗ ಮೇಷ್ಟರು ಇನ್ನೊಂದು ಮಾತು ಸೇರಿಸಿದ್ದರು. "ಮಲ್ಲಿಗೆಯ ವಾಸನೆಯಲ್ಲೂ ಅದಿದೆ ಮೇಡಂ." ಅವರಿಗೆ ಅದು ರಸಾಯನಶಾಸ್ತ್ರದ ಒಂದು ವಾಕ್ಯ. ಹಾಗಾದರೆ ಬೆಟ್ಟದ ಮೆಟ್ಟಿಲಿನ ಆಕೆಯ ಮೂಗು ತಪ್ಪಿರಲಿಲ್ಲ. ಅವರು ಕೇಳಿದ ಹೂವು ನನ್ನ ಕುತ್ತಿಗೆಯಲ್ಲಿ ಒಂದಿಷ್ಟಾದರೂ ಇತ್ತು. ಮೂರು ವರ್ಷದಿಂದ ಬುಟ್ಟಿಯ ಮುಂದೆ ನಿಲ್ಲದೆ ನಡೆದುಹೋದ ನಾನು ಅದನ್ನು ಪರದೇಶದ ಸೀಸೆಯಿಂದ, ಮರದ ಹೆಸರಿನಲ್ಲಿ, ಯಾರಿಗೂ ಕಾಣದ ಹಾಗೆ ಹಚ್ಚಿಕೊಂಡಿದ್ದೆ. ಕಾಣದ ಹಾಗೆ ಎನ್ನುವುದೇ ಈಗ ನನ್ನನ್ನು ಚುಚ್ಚುತ್ತಿದೆ. ಹೆಸರಿನ ವಿಷಯದಲ್ಲಿ ಸೀಸೆಯವರು ಮಾಡಿದ ಮೋಸಕ್ಕೂ ನಾನು ಮಾಡಿದ್ದಕ್ಕೂ ಅಂಥ ವ್ಯತ್ಯಾಸವೇನಿಲ್ಲ.

ನಾನು ಮೇಷ್ಟರ ಕೆಲಸದವಳಾದ್ದರಿಂದ ಅಂಕ ಕೊಡದೆ ಮುಗಿಸಲಾರೆ. ಆರಂಭಕ್ಕೆ ನೂರಕ್ಕೆ ಅರವತ್ತೈದು, ಆತುರಕ್ಕೆ ಕಳೆದದ್ದು ಸೇರಿ. ಮಧ್ಯಭಾಗಕ್ಕೆ ಎಂಬತ್ತೈದು. ಕೊನೆಗೆ ಮೂವತ್ತೈದು, ಅದೂ ಪಾಸಾಗಲಿ ಎಂದು. ಹೆಸರಿಗೆ ಸೊನ್ನೆ. ಕೊಳ್ಳುವವರಿಗೆ ಎರಡು ಸಲಹೆಗಳಿವೆ. ಇಂಥ ಸೆಂಟನ್ನು ಸಂಜೆಯ ಸಮಾರಂಭಕ್ಕಿಂತ ಬೆಳಗಿನ ತಂಪಿಗೆ ಹಾಕಿಕೊಳ್ಳಿ, ಮಧ್ಯಭಾಗ ಎರಡು ಗಂಟೆಯಾದರೂ ನಿಲ್ಲುತ್ತದೆ. ಮುಚ್ಚಳ ಭದ್ರವಾಗಿರಲಿ. ಲಿನಲೂಲ್ ಗಾಳಿಗೆ ಹಳತಾದರೆ ಕೆಲವರ ಚರ್ಮಕ್ಕೆ ನವೆ ತರುತ್ತದೆ, ಯೂರೋಪಿನವರು ಅದರ ಹೆಸರನ್ನು ಡಬ್ಬಿಯ ಮೇಲೆ ಬರೆಯಲೇಬೇಕೆಂದು ಕಾನೂನು ಮಾಡಿರುವುದು ಇದೇ ಕಾರಣಕ್ಕೆ.

ಸೀಸೆಯಲ್ಲಿ ಇನ್ನೂ ಅರ್ಧ ಉಳಿದಿದೆ. ಶಾಲೆಗೆ ಹಾಕಿಕೊಂಡೇ ಹೋಗುತ್ತಿದ್ದೇನೆ. ಮೊನ್ನೆ ಸ್ಟಾಫ್ ರೂಮಿನಲ್ಲಿ ಒಬ್ಬರು, "ಏನು ಮೇಡಂ, ಈ ನಡುವೆ ಘಮಘಮ?" ಎಂದು ರಾಗ ಎಳೆದು ಕೇಳಿದರು. ಆ ರಾಗ ಯಾವುದೆಂದು ನನ್ನ ವಯಸ್ಸಿನ ಹೆಂಗಸರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮೊದಲಾಗಿದ್ದರೆ ಮಾರನೆಯ ದಿನದಿಂದ ಸೀಸೆ ಬೀರು ಸೇರುತ್ತಿತ್ತು. "ಕೊತ್ತಂಬರಿ ಬೀಜ" ಎಂದು ಹೇಳಿ ತರಗತಿಗೆ ಹೊರಟೆ. ಬಾಗಿಲ ಹತ್ತಿರ ಹೋದ ಮೇಲೆ ಸುಳ್ಳು ಅರ್ಧದಲ್ಲಿ ನಿಲ್ಲಬಾರದು ಅನ್ನಿಸಿ, ತಿರುಗಿ, "ಮಲ್ಲಿಗೆಯೂ ಇದೆ" ಎಂದೆ.